ಬಾನುಲಿ ಹೇಳಿದ್ದು, ಬಾಗಿಲಿಗೆ ಬಂದದ್ದು: ತುರ್ತುಪರಿಸ್ಥಿತಿಯ ಪ್ರಚಾರಯಂತ್ರದ ಒಂದು ಪ್ರಕರಣ ಅಧ್ಯಯನ

1975ರ ಜೂನ್ 26ರ ಬೆಳಿಗ್ಗೆ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಈ ನಾಲ್ವರು ವಿರೋಧ ಪಕ್ಷದ ನಾಯಕರೂ ಬೆಂಗಳೂರಿನಲ್ಲಿದ್ದರು. ಪಕ್ಷಾಂತರ ತಡೆ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆಗೆಂದು ಬಂದವರು. ದೆಹಲಿಯಲ್ಲಿ ರಾತ್ರೋರಾತ್ರಿ ಜಯಪ್ರಕಾಶ ನಾರಾಯಣರನ್ನು ಬಂಧಿಸಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಿ ಕಿವಿಗೆ ಬಿದ್ದಿತ್ತು. ಖಚಿತ ಮಾಡಿಕೊಳ್ಳೋಣವೆಂದು ಬೆಳಗಿನ ವಾರ್ತೆಗೆ ರೇಡಿಯೊ ಹಚ್ಚಿದ ಆಡ್ವಾಣಿಯವರಿಗೆ ಕೇಳಿಸಿದ್ದು ಎಂದಿನ ವಾರ್ತಾವಾಚಕರ ದನಿಯಲ್ಲ. ಪ್ರಧಾನಿ ಇಂದಿರಾ ಗಾಂಧಿಯವರೇ ಮಾತನಾಡುತ್ತಿದ್ದರು. ಅದೇ ದಿನ ಈ ನಾಯಕರನ್ನು ಪೊಲೀಸರು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಕರೆದೊಯ್ದರು.

ಆ ಭಾಷಣದ ಆರಂಭವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸಿದ್ದಾರೆ ಎಂಬುದು ಮೊದಲ ಮಾತು. ಗಾಬರಿಯಾಗುವಂಥದ್ದು ಏನೂ ಇಲ್ಲ ಎಂಬುದು ಎರಡನೆಯದು. ಜನಸಾಮಾನ್ಯರಿಗೆ ಒಳಿತಾಗುವ ಪ್ರಗತಿಪರ ಕ್ರಮಗಳನ್ನು ತಾವು ತರತೊಡಗಿದಂದಿನಿಂದ ಆಳವಾದ, ವ್ಯಾಪಕವಾದ ಪಿತೂರಿಯೊಂದು ನಡೆಯುತ್ತಿದೆ, ಅದು ನಿಮಗೆಲ್ಲ ಗೊತ್ತೇ ಇದೆ ಎಂಬುದು ಮೂರನೆಯದು. ಮೂರೇ ಮಾತುಗಳಲ್ಲಿ ಎಷ್ಟು ಕೆಲಸವಾಯಿತು ನೋಡಿ. ನಿರ್ಧಾರ ಮಾಡಿದ್ದು ತಾನಲ್ಲ, ರಾಷ್ಟ್ರಪತಿ. ಕೇಡು ಮಾಡಿದ್ದು ಸರ್ಕಾರವಲ್ಲ, ಪಿತೂರಿಗಾರರು. ಆ ಪಿತೂರಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಜಾಗವೇ ಇಲ್ಲ, ಏಕೆಂದರೆ ಅದು ಕೇಳುಗನಿಗೆ ಮೊದಲೇ ಗೊತ್ತು! ಬರೆದವರು ಯಾರೇ ಇರಲಿ, ಕಸುಬು ಬಲ್ಲವರು.

ಅಧಿಕಾರದಲ್ಲಿರುವವರು ತಮ್ಮ ಹುದ್ದೆಯ ಬಲದಿಂದ ಜನರ ಅಭಿಪ್ರಾಯವನ್ನು ಎಷ್ಟರ ಮಟ್ಟಿಗೆ ತಿದ್ದಬಲ್ಲರು ಎಂಬುದನ್ನು ಅಳೆಯಲು ಭಾರತದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಇನ್ನೊಂದಿಲ್ಲ. ಇಪ್ಪತ್ತೊಂದು ತಿಂಗಳ ಕಾಲ ರೇಡಿಯೊ, ದೂರದರ್ಶನ, ಸುದ್ದಿಸಂಸ್ಥೆ, ಜಾಹೀರಾತು, ಸೆನ್ಸಾರ್, ಜೈಲು ಎಲ್ಲವೂ ಒಂದೇ ಕೈಯಲ್ಲಿದ್ದವು. ಕೊನೆಗೆ ಜನರ ಅಭಿಪ್ರಾಯವೇನೆಂಬುದನ್ನು ಮತಪೆಟ್ಟಿಗೆ ಲೆಕ್ಕ ಹಾಕಿ ಹೇಳಿತು. ಆ ಲೆಕ್ಕದಲ್ಲಿ ಕರ್ನಾಟಕದ ಪಾಲು ಎಲ್ಲರೂ ನೆನಪಿಟ್ಟುಕೊಂಡಿರುವ ಕಥೆಗೆ ಸರಿಯಾಗಿ ಹೊಂದುವುದಿಲ್ಲ. ಈ ಬರಹದ ಕುತೂಹಲ ಇರುವುದು ಅಲ್ಲಿಯೇ.

ಹಿನ್ನೆಲೆ ಬಹುಪಾಲು ಓದುಗರಿಗೆ ಗೊತ್ತಿರುವಂಥದ್ದು. 1971ರ ರಾಯ್‌ಬರೇಲಿ ಚುನಾವಣೆಯಲ್ಲಿ ಅಕ್ರಮ ನಡೆದಿದೆ ಎಂದು ರಾಜ್ ನಾರಾಯಣ್ ಹೂಡಿದ್ದ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ 1975ರ ಜೂನ್ 12ರಂದು ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿದರು. ಜೂನ್ 25ರ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶರ ಸಭೆ. ಅಂದು ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದರು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಗಿನ ಜಾವದ ಸಭೆಯಲ್ಲಿ.

ಆ ಹುದ್ದೆಯ ಬಲದ ಮೊದಲ ಪ್ರಯೋಗ ಬಲು ಒರಟಾದದ್ದು: ಕರೆಂಟು ತೆಗೆದರು. ದೆಹಲಿಯ ಬಹಾದ್ದೂರ್ ಶಾ ಜಫರ್ ಮಾರ್ಗದಲ್ಲಿ ಸಾಲಾಗಿ ಪತ್ರಿಕಾ ಕಚೇರಿಗಳಿವೆ. ರಾತ್ರಿ ಮುದ್ರಣದ ಹೊತ್ತಿಗೆ ಅಲ್ಲಿ ವಿದ್ಯುತ್ ನಿಂತಿತು, ಯಂತ್ರಗಳು ನಿಂತವು, ಬೆಳಿಗ್ಗೆ ಹೆಚ್ಚಿನ ಪತ್ರಿಕೆಗಳು ಮನೆಗಳಿಗೆ ಬರಲಿಲ್ಲ. ಆದರೆ ಸರ್ಕಾರಿ ಕೆಲಸ ಎಂದ ಮೇಲೆ ಒಂದು ಎಡವಟ್ಟು ಇರಲೇಬೇಕಲ್ಲ. ಹಿಂದೂಸ್ತಾನ್ ಟೈಮ್ಸ್ ಮತ್ತು ಸ್ಟೇಟ್ಸ್‌ಮನ್ ಕಚೇರಿಗಳಿದ್ದದ್ದು ಕನಾಟ್ ಪ್ಲೇಸ್ ಕಡೆ. ಅಲ್ಲಿಗೆ ವಿದ್ಯುತ್ ಪೂರೈಸುತ್ತಿದ್ದುದು ಬೇರೆ ನಗರಾಡಳಿತ. ಅಲ್ಲಿಯ ದೀಪ ಆರಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಆ ಎರಡು ಪತ್ರಿಕೆಗಳು ಹೊರಬಂದವು.

ಸೆನ್ಸಾರ್ ವ್ಯವಸ್ಥೆ ಸಿದ್ಧವಾಗುವವರೆಗಿನ ಒಂದೆರಡು ದಿನಗಳ ಉಪಾಯ ಅದು. ಆಮೇಲೆ ಕತ್ತಲೆಯ ಅಗತ್ಯ ಬೀಳಲಿಲ್ಲ. ಅಚ್ಚಿಗೆ ಹೋಗುವ ಪುಟಗಳನ್ನು ಮೊದಲೇ ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮ ಬಂತು. ಇಂಡಿಯನ್ ಎಕ್ಸ್‌ಪ್ರೆಸ್ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಖಾಲಿ ಬಿಡುವುದೂ ಕೂಡದು ಎಂಬ ಅಪ್ಪಣೆಯಾಯಿತು. ಸುಮ್ಮನಿರುವುದನ್ನೂ ಮಾತೆಂದು ಸರ್ಕಾರ ಗುರುತಿಸಿತು ಎಂದರೆ ಅದರ ಕಿವಿ ಎಷ್ಟು ಚುರುಕಾಗಿತ್ತು ಎಂದು ಊಹಿಸಬಹುದು.

ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಕೆಲವೇ ದಿನಗಳಲ್ಲಿ ಆ ಖಾತೆ ಕಳೆದುಕೊಂಡರು. ವಾರ್ತೆಗಳ ಪ್ರತಿಯನ್ನು ಪ್ರಸಾರಕ್ಕೆ ಮೊದಲೇ ತನಗೆ ತೋರಿಸಬೇಕೆಂದು ಯಾವ ಹುದ್ದೆಯೂ ಇಲ್ಲದ ಸಂಜಯ್ ಗಾಂಧಿ ಕೇಳಿದ್ದು, ಗುಜ್ರಾಲ್ ಒಪ್ಪದಿದ್ದದ್ದು ಆಗಿನ ದೆಹಲಿಯಲ್ಲಿ ಎಲ್ಲರ ಬಾಯಲ್ಲಿದ್ದ ಸಂಗತಿ. ಅವರ ಜಾಗಕ್ಕೆ ವಿದ್ಯಾಚರಣ ಶುಕ್ಲಾ ಬಂದರು. ಮುಂದಿನದೆಲ್ಲ ಇವರ ಕೈಚಳಕ.

ತುರ್ತುಪರಿಸ್ಥಿತಿ ಎಂದಾಗ ನಮಗೆ ನೆನಪಾಗುವುದು ಬಂಧನಗಳು. ಬಂಧನಗಳು ಸಣ್ಣವೇನಲ್ಲ. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ವಿಚಾರಣೆ ಮಾಡಿದ ಷಾ ಆಯೋಗದ ಲೆಕ್ಕದಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶವಿದ್ದ ಮೀಸಾ ಕಾಯ್ದೆ ಮತ್ತು ಭಾರತ ರಕ್ಷಣಾ ನಿಯಮಗಳಡಿ ಒಳಗೆ ಹೋದವರು 1,10,806 ಮಂದಿ. ಆದರೆ ಅಭಿಪ್ರಾಯ ರೂಪಿಸುವ ಕೆಲಸದಲ್ಲಿ ಜೈಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಲೆಕ್ಕಪತ್ರದ ವಿಭಾಗ ಎನ್ನುವುದು ನನ್ನ ಎಣಿಕೆ. ಪತ್ರಿಕೆಗಳನ್ನು ಸ್ನೇಹಪರ, ತಟಸ್ಥ, ವಿರೋಧಿ ಎಂದು ವಿಂಗಡಿಸಿ ಪಟ್ಟಿ ಮಾಡಿದರು. ಕೇಂದ್ರದ ಜಾಹೀರಾತುಗಳನ್ನು ಹಂಚುತ್ತಿದ್ದ ಡಿಎವಿಪಿ ಆ ಪಟ್ಟಿಯನ್ನು ನೋಡಿ ಕೆಲಸ ಮಾಡಿತು. ಸಣ್ಣ ಊರಿನ ಸಣ್ಣ ಪತ್ರಿಕೆಗೆ ಟೆಂಡರ್ ಪ್ರಕಟಣೆಯೇ ತಿಂಗಳ ಸಂಬಳ. ಅದು ನಿಂತರೆ ಸಂಪಾದಕನ ಧೈರ್ಯವೂ ನಿಲ್ಲುತ್ತದೆ. ಅವನನ್ನು ಹಿಡಿದು ಜೈಲಿಗೆ ಹಾಕಿದ್ದರೆ ಊರಿನಲ್ಲಿ ಸುದ್ದಿಯಾಗುತ್ತಿತ್ತು, ಅನುಕಂಪವೂ ಹುಟ್ಟುತ್ತಿತ್ತು. ಜಾಹೀರಾತು ಬರಲಿಲ್ಲವೆಂದು ಯಾರು ಮೆರವಣಿಗೆ ತೆಗೆಯುತ್ತಾರೆ?

ಸುದ್ದಿಸಂಸ್ಥೆಗಳ ವಿಲೀನವೂ ಇದೇ ಜಾಡಿನದು. ಪಿಟಿಐ, ಯುಎನ್‌ಐ, ಹಿಂದೂಸ್ತಾನ್ ಸಮಾಚಾರ್, ಸಮಾಚಾರ್ ಭಾರತಿ ಎಂದು ನಾಲ್ಕು ಸಂಸ್ಥೆಗಳಿದ್ದವು. ಈ ನಾಲ್ಕಕ್ಕೂ ಆಕಾಶವಾಣಿ ದೊಡ್ಡ ಗಿರಾಕಿ. ಗಿರಾಕಿ ಕೈ ಬಿಗಿ ಹಿಡಿದರೆ ಅಂಗಡಿಯವನು ಏನು ಮಾಡುತ್ತಾನೆ? 1976ರ ಫೆಬ್ರವರಿಯಲ್ಲಿ ನಾಲ್ಕೂ ಸೇರಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯಾಯಿತು. ಅಲ್ಲಿಂದ ಮುಂದೆ ಬೆಂಗಳೂರಿನ ಪತ್ರಿಕೆಯಾಗಲಿ, ಪಟ್ನಾದ ಪತ್ರಿಕೆಯಾಗಲಿ, ಟೆಲಿಪ್ರಿಂಟರಿನಲ್ಲಿ ಬಂದದ್ದನ್ನೇ ಅನುವಾದಿಸಬೇಕು. ಒಬ್ಬರು ಮುಚ್ಚಿಟ್ಟದ್ದನ್ನು ಇನ್ನೊಬ್ಬರು ಬಿಚ್ಚಿಡುವ ಸಾಧ್ಯತೆಯೇ ಇಲ್ಲವಾಯಿತು.

ಕಾನೂನುಗಳನ್ನು ಬೇಗ ಹೇಳಿ ಮುಗಿಸಬಹುದು. ಪತ್ರಿಕಾ ಮಂಡಳಿಯನ್ನು ರದ್ದು ಮಾಡಿದರು. ಆಕ್ಷೇಪಾರ್ಹ ವಿಷಯಗಳ ಪ್ರಕಟಣೆ ತಡೆಯುವ ಕಾಯ್ದೆ 1976ರಲ್ಲಿ ಬಂತು. ಸಂಸತ್ತಿನ ಕಲಾಪವನ್ನು ನಿರ್ಭಯವಾಗಿ ವರದಿ ಮಾಡಲು ಪತ್ರಿಕೆಗಳಿಗೆ ರಕ್ಷಣೆ ಕೊಟ್ಟಿದ್ದ 1956ರ ಕಾಯ್ದೆಯೂ ಹೋಯಿತು. ಆ ಕಾಯ್ದೆಯನ್ನು ಖಾಸಗಿ ಸದಸ್ಯರ ಮಸೂದೆಯಾಗಿ ತಂದು, ಹಟ ಹಿಡಿದು ಪಾಸು ಮಾಡಿಸಿದ್ದವರು ಫಿರೋಜ್ ಗಾಂಧಿ. ಗಂಡ ಕಟ್ಟಿದ್ದನ್ನು ಹೆಂಡತಿ ಕೆಡವಿದರು ಎಂದು ಬರೆಯಲು ಆಗಿನ ಯಾವ ಪತ್ರಿಕೆಗೂ ಅವಕಾಶವಿರಲಿಲ್ಲ.

ಇಷ್ಟೆಲ್ಲದರ ನಡುವೆ ನಿಜವಾದ ಆಯುಧ ರೇಡಿಯೊ. 1971ರ ಜನಗಣತಿಯ ಪ್ರಕಾರ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಮೂವತ್ತರೊಳಗೆ. ಪತ್ರಿಕೆ ಓದದವರಿಗೆ ಪಂಚಾಯಿತಿ ಕಟ್ಟೆಯ ರೇಡಿಯೊ, ಇಲ್ಲವೇ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟಿ ಇಟ್ಟುಕೊಂಡ ಟ್ರಾನ್ಸಿಸ್ಟರ್, ಇವೇ ಹೊರಜಗತ್ತಿನ ಕಿಟಕಿ. ಕೃಷಿರಂಗ, ಚಿತ್ರಗೀತೆ, ಪ್ರದೇಶ ಸಮಾಚಾರ, ದೆಹಲಿಯಿಂದ ಬರುವ ಕನ್ನಡ ವಾರ್ತೆ ಎಲ್ಲವೂ ಒಂದೇ ಪೆಟ್ಟಿಗೆಯಿಂದ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿದ ಪ್ರಸಾರ ಕೇಂದ್ರಕ್ಕೆ ಇಟ್ಟ ಹೆಸರು ದೇಶದ ಸರ್ಕಾರಿ ರೇಡಿಯೊಕ್ಕೆ ಬಂದಿತ್ತು. ಆದರೆ ಆ ಸ್ವಂತಿಕೆ ಮಾತ್ರ ಬಂದಿರಲಿಲ್ಲ.

ಆಕಾಶವಾಣಿ ಸರ್ಕಾರದ ಇಲಾಖೆ, ಇಲಾಖೆಯಾಗಿಯೇ ಇರುತ್ತದೆ ಎಂಬುದನ್ನು ನಿಲಯ ನಿರ್ದೇಶಕರ ಸಭೆಯಲ್ಲಿ ಪ್ರಧಾನಿಯೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದರ ಪರಿಣಾಮವನ್ನು ಷಾ ಆಯೋಗ ಸಾಲುಗಳಲ್ಲಿ ಅಳೆಯಿತು. 1975ರ ಡಿಸೆಂಬರ್ ತಿಂಗಳ ವಾರ್ತೆಗಳಲ್ಲಿ ಕಾಂಗ್ರೆಸ್ ವಕ್ತಾರರಿಗೆ ಸಿಕ್ಕಿದ್ದು 2,207 ಸಾಲುಗಳು. ಎಲ್ಲ ವಿರೋಧ ಪಕ್ಷಗಳ ವಕ್ತಾರರಿಗೂ ಸೇರಿ 34. ಈ 34 ನನ್ನನ್ನು ಹೆಚ್ಚು ಕಾಡುವ ಅಂಕಿ. ಸೊನ್ನೆ ಇದ್ದಿದ್ದರೆ ಅದು ನಿಷೇಧ. 34 ಸಾಲು ಎಂದರೆ ಯಾರೋ ಒಬ್ಬ ಅಧಿಕಾರಿ ಕುಳಿತು, ವಿರೋಧ ಪಕ್ಷ ಎಂಬುದೊಂದು ಇದೆ ಎಂದು ತೋರಿಸಲು ಎಷ್ಟು ಸಾಕು ಎಂದು ಅಳತೆ ಮಾಡಿದ್ದಾನೆ. ಊಟದಲ್ಲಿ ಉಪ್ಪಿನಕಾಯಿಯ ಹಾಗೆ. ಇತ್ತ, ಚುನಾವಣೆಗೇ ನಿಲ್ಲದಿದ್ದ ಸಂಜಯ್ ಗಾಂಧಿಯವರ ಸುದ್ದಿಗಳು ರೇಡಿಯೊ ಮತ್ತು ದೂರದರ್ಶನದಲ್ಲಿ ನೂರಾರು.

1976ರ ಮೇ ತಿಂಗಳಲ್ಲಿ ಕಿಶೋರ್ ಕುಮಾರ್ ಹಾಡುಗಳು ಆಕಾಶವಾಣಿಯಿಂದ ಮಾಯವಾದವು. ಸರ್ಕಾರದ ಪ್ರಚಾರ ಕಾರ್ಯಕ್ರಮಗಳಿಗೆ ಅವರು ಸಹಕರಿಸಲಿಲ್ಲ ಎಂಬುದೇ ಕಾರಣ. ಒಬ್ಬ ಗಾಯಕನನ್ನು ಬಗ್ಗಿಸಲು ಕೋಟ್ಯಂತರ ಕೇಳುಗರಿಗೆ ಶಿಕ್ಷೆ ಕೊಟ್ಟರೆ ಅವರಲ್ಲಿ ಯಾವ ಅಭಿಪ್ರಾಯ ರೂಪುಗೊಳ್ಳುತ್ತದೆ ಎಂದು ಆ ಇಲಾಖೆಯಲ್ಲಿ ಯಾರೂ ಕೇಳಿಕೊಂಡಂತೆ ಕಾಣುವುದಿಲ್ಲ.

ದೂರದರ್ಶನ ಆಗ ಬೆರಳೆಣಿಕೆಯ ನಗರಗಳಿಗೆ ಸೀಮಿತ. ಬೆಂಗಳೂರಿಗೆ ಅದು ಬಂದದ್ದೇ 1981ರಲ್ಲಿ. ಆದರೂ ಕರ್ನಾಟಕದ ಕೆಲವು ಹಳ್ಳಿಗಳು ರಾಜಧಾನಿಗಿಂತ ಮೊದಲೇ ಟಿವಿ ಕಂಡವು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆ ಬಂತು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಶಾಲೆಯ ಪಾಠ ಇವುಗಳಿಗಾಗಿ ವರ್ಷಗಟ್ಟಲೆ ಮೊದಲೇ ಯೋಜಿಸಿದ್ದ ಪ್ರಯೋಗ ಅದು, ತುರ್ತುಪರಿಸ್ಥಿತಿಗಾಗಿ ಹುಟ್ಟಿದ್ದಲ್ಲ. ಅದನ್ನು ಪ್ರಚಾರದ ಕೂಸು ಎನ್ನುವುದು ಅನ್ಯಾಯ. ಆದರೆ ಆ ಹಳ್ಳಿಯವರು ಜೀವನದಲ್ಲಿ ಮೊದಲ ಬಾರಿ ಟಿವಿ ಎದುರು ಕುಳಿತಾಗ ಅದರ ಸುದ್ದಿಯ ಬಾಯಿ ಯಾರ ಕೈಯಲ್ಲಿತ್ತು ಎಂಬುದೂ ನಿಜವೇ.

ಇನ್ನು ಸಂದೇಶದ ವಿಷಯ. ಬರೀ ಬಾಯಿ ಮುಚ್ಚಿಸುವುದರಿಂದ ಅಭಿಪ್ರಾಯ ಹುಟ್ಟುವುದಿಲ್ಲ, ಹೇಳಲು ಏನಾದರೂ ಬೇಕು. ಜುಲೈ 1ರಂದು ರೇಡಿಯೊದಲ್ಲಿಯೇ ಇಪ್ಪತ್ತು ಅಂಶಗಳ ಕಾರ್ಯಕ್ರಮ ಘೋಷಣೆಯಾಯಿತು: ಭೂಮಿತಿ, ಜೀತ ವಿಮುಕ್ತಿ, ಗ್ರಾಮೀಣ ಸಾಲ ಪರಿಹಾರ, ನಿವೇಶನ, ಬೆಲೆ ಇಳಿಕೆ. ಗೋಡೆಗಳ ಮೇಲೆ ಶಿಸ್ತು, ದುಡಿಮೆ ಎಂಬ ಬರಹಗಳು ಮೂಡಿದವು. ‘ಇಂದಿರಾ ಎಂದರೆ ಇಂಡಿಯಾ’ ಎಂದು ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಘೋಷಿಸಿದರು. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಗುಮಾಸ್ತರು ಕುರ್ಚಿಯಲ್ಲಿರುತ್ತಾರೆ, ಬೆಲೆ ಇಳಿದಿದೆ. ಇದನ್ನು ಇವತ್ತಿಗೂ ನೆನೆಯುವ ಹಿರಿಯರಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಬೆಲೆ ನಿಜವಾಗಿಯೂ ಇಳಿದಿತ್ತು. ಆದರೆ 1975ರ ಮುಂಗಾರು ಸೊಗಸಾಗಿ ಹಿಡಿದು, ಆ ವರ್ಷ ದೇಶದ ಆಹಾರ ಧಾನ್ಯದ ಉತ್ಪಾದನೆ ಸುಮಾರು 12 ಕೋಟಿ ಟನ್ ಮುಟ್ಟಿ ದಾಖಲೆಯಾಗಿತ್ತು. ಹಣದುಬ್ಬರ ತಡೆಯಲು 1974ರಲ್ಲಿಯೇ ಬಿಗಿ ಕ್ರಮಗಳು ಬಂದಿದ್ದವು. ಮಳೆರಾಯನ ಕೆಲಸದ ಯಶಸ್ಸು ಪ್ರಧಾನಿ ಕಾರ್ಯಾಲಯದ ಖಾತೆಗೆ ಜಮೆಯಾಯಿತು. ಎದುರು ಮಾತಾಡಿ ಇದನ್ನು ಬಿಡಿಸಿ ಹೇಳಬಲ್ಲ ಅರ್ಥಶಾಸ್ತ್ರಜ್ಞನಿಗೆ ಬರೆಯಲು ಜಾಗವಿರಲಿಲ್ಲ. ಪ್ರಚಾರದ ಅತ್ಯುತ್ತಮ ಫಸಲು ಬರುವುದು ಹೀಗೆ ಅರ್ಧ ಸತ್ಯದ ಹೊಲದಲ್ಲಿ.

ಎಷ್ಟು ಬಿಗಿ ಮಾಡಿದರೂ ಸೋರುವುದು ಸೋರುತ್ತಿತ್ತು. ಬೊಂಬಾಯಿಯ ಟೈಮ್ಸ್ ಆಫ್ ಇಂಡಿಯಾದಲ್ಲಿ ಶ್ರದ್ಧಾಂಜಲಿ ಜಾಹೀರಾತಿನ ವೇಷದಲ್ಲಿ ಪ್ರಜಾಪ್ರಭುತ್ವದ ನಿಧನವಾರ್ತೆಯೊಂದು ನುಸುಳಿತು. ಮೃತರು ಸತ್ಯದ ಪತಿ, ಸ್ವಾತಂತ್ರ್ಯದ ತಂದೆ ಎಂದು ಇಂಗ್ಲಿಷ್ ಹೆಸರುಗಳ ಚಮತ್ಕಾರದಲ್ಲಿ ಬರೆದಿತ್ತು. 1975ರ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರದಲ್ಲಿ ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕುತ್ತಿದ್ದಾರೆ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳು ಎನ್ನುತ್ತಿದ್ದಾರೆ. ಅದು ಸೆನ್ಸಾರ್ ಕಣ್ಣು ತಪ್ಪಿಸಿಕೊಂಡು ಅಚ್ಚಾಯಿತು. ಕರ್ನಾಟಕದಲ್ಲಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ರಂಗನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇವು ಆಗ ಎಷ್ಟು ಜನರಿಗೆ ಗೊತ್ತಾದವು ಎಂದು ಕೇಳಿದರೆ, ಬಹಳ ಕಡಿಮೆ ಎಂದೇ ಹೇಳಬೇಕು. ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು, ಅದೂ ಪಟ್ಟಣಗಳಲ್ಲಿ.

ಉತ್ತರದಲ್ಲಿ ಇನ್ನೊಂದು ದಾರಿಯಿತ್ತು: ಬಿಬಿಸಿ ಹಿಂದಿ. ಸಂಜೆಯಾದರೆ ಶಾರ್ಟ್‌ವೇವ್ ತಿರುಗಿಸಿ ಲಂಡನ್ ಹಿಡಿಯುವುದು ಅಲ್ಲಿಯ ಊರೂರಿನಲ್ಲಿ ರೂಢಿಯಾಗಿತ್ತು. ಕನ್ನಡಕ್ಕೆ ಅಂಥ ಸೇವೆ ಇರಲಿಲ್ಲ. ಕನ್ನಡ ಮಾತ್ರ ಬಲ್ಲ ಕೇಳುಗನಿಗೆ ಆಕಾಶವಾಣಿ ಬಿಟ್ಟರೆ ಗತಿಯಿಲ್ಲ. 1976ರ ಏಪ್ರಿಲ್‌ನಲ್ಲಿ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಮನೆಗಳನ್ನು ನೆಲಸಮ ಮಾಡಿ ಗುಂಡು ಹಾರಿಸಿದ್ದು, ಅಕ್ಟೋಬರ್‌ನಲ್ಲಿ ಮುಜಫ್ಫರ್‌ನಗರದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ವಿರುದ್ಧ ಎದ್ದ ಜನರ ಮೇಲೆ ಗುಂಡು ಹಾರಿಸಿದ್ದು, ಇವೆಲ್ಲ ಹಿಂದಿ ಸೀಮೆಯಲ್ಲಿ ಬಸ್ ಹತ್ತಿ, ಸಂತೆಗೆ ಹೋಗಿ, ನೆಂಟರ ಮನೆ ಸೇರಿ ಹಬ್ಬಿದವು. ಮಂಡ್ಯಕ್ಕೋ ಶಿರಸಿಗೋ ಬರಲು ಅವಕ್ಕೆ ವಾಹನವೇ ಇರಲಿಲ್ಲ.

1977ರ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಸೆನ್ಸಾರ್ ಸಡಿಲವಾಯಿತು. ಫೆಬ್ರವರಿ 2ರಂದು ಜಗಜೀವನ್ ರಾಮ್ ಸಂಪುಟ ಬಿಟ್ಟು ಹೊರಬಂದರು. ಫೆಬ್ರವರಿ 6, ಭಾನುವಾರ, ರಾಮಲೀಲಾ ಮೈದಾನದಲ್ಲಿ ಅವರದೂ ಜಯಪ್ರಕಾಶರದೂ ಜಂಟಿ ಸಭೆ. ಅಂದು ಸಂಜೆ ದೂರದರ್ಶನದಲ್ಲಿ ಮೊದಲು ಪ್ರಕಟವಾಗಿದ್ದ ಹಳೆಯ ಚಿತ್ರದ ಬದಲು ‘ಬಾಬಿ’ ಹಾಕಿದರು. ರಾಜ್ ಕಪೂರರ ಆ ಚಿತ್ರ 1973ರ ಭರ್ಜರಿ ಯಶಸ್ಸು. ಯುವಕರು ಟಿವಿ ಬಿಟ್ಟು ಏಳಲಾರರು ಎಂಬ ಲೆಕ್ಕಾಚಾರ. ಬಸ್ಸುಗಳೂ ರಸ್ತೆಯಿಂದ ಕಾಣೆಯಾದವು. ಜನ ನಡೆದೇ ಬಂದರು, ಲಕ್ಷಗಟ್ಟಲೆ. ಬಾಬಿಯನ್ನು ‘ಬಾಬು’ ಸೋಲಿಸಿದರು ಎಂಬ ಅರ್ಥದ ತಲೆಬರಹ ಮರುದಿನದ ಇಂಗ್ಲಿಷ್ ಪತ್ರಿಕೆಯಲ್ಲಿ ಮಿಂಚಿತು. ಬಾಬೂಜಿ ಎಂದರೆ ಜಗಜೀವನ್ ರಾಮ್.

ಈ ಪ್ರಸಂಗವನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ದಣಿವು. 1975ರ ಜೂನ್ 26ರ ಭಾಷಣದಲ್ಲಿ ಇದ್ದ ಹದ ಎಲ್ಲಿ, ಈ ಸಿನಿಮಾ ಉಪಾಯ ಎಲ್ಲಿ? ಹತ್ತೊಂಬತ್ತು ತಿಂಗಳು ಯಾರೂ ಎದುರಾಡದೆ ಇದ್ದರೆ ಪ್ರಚಾರ ಮಾಡುವವನ ಕಸುಬೂ ಕೆಡುತ್ತದೆ. ಅದೇ ಚುನಾವಣೆಯಲ್ಲಿ ಮೊತ್ತಮೊದಲ ಬಾರಿಗೆ ಮಾನ್ಯತೆ ಪಡೆದ ಪಕ್ಷಗಳಿಗೆ ರೇಡಿಯೊದಲ್ಲಿ ಉಚಿತವಾಗಿ ಮಾತನಾಡುವ ಸಮಯ ಸಿಕ್ಕಿತು ಎಂಬುದನ್ನೂ ದಾಖಲಿಸಬೇಕು.

ಮಾರ್ಚ್‌ನಲ್ಲಿ ಮತ ಎಣಿಕೆಯಾಯಿತು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಬಿಹಾರದ 54ರಲ್ಲಿ ಒಂದೂ ಇಲ್ಲ. ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿಯವರು ಅದೇ ರಾಜ್ ನಾರಾಯಣ್ ಎದುರು 55,000ಕ್ಕೂ ಹೆಚ್ಚು ಮತಗಳಿಂದ ಸೋತರು. ದೇಶದ ಲೆಕ್ಕದಲ್ಲಿ ಕಾಂಗ್ರೆಸ್ 154ಕ್ಕೆ ಇಳಿಯಿತು. ಇಷ್ಟನ್ನೇ ಓದಿದರೆ ಪ್ರಚಾರಯಂತ್ರ ಸಂಪೂರ್ಣ ಸೋತಿತು ಎನ್ನಬಹುದು, ಎಲ್ಲರೂ ಹಾಗೆಯೇ ಅಂದರು.

ಆದರೆ ಆಂಧ್ರದಲ್ಲಿ 42ಕ್ಕೆ 41 ಕಾಂಗ್ರೆಸ್ಸಿಗೆ. ಕರ್ನಾಟಕದಲ್ಲಿ 28ಕ್ಕೆ 26. ನಮ್ಮಲ್ಲಿ ವಿರೋಧ ಪಕ್ಷಗಳು ಸೇರಿ ಕಟ್ಟಿದ ಜನತಾ ಪಕ್ಷ ಗೆದ್ದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಇಂದಿರಾ ಸರ್ಕಾರ 1973ರಲ್ಲಿ ಜ್ಯೇಷ್ಠತೆ ಕಡೆಗಣಿಸಿ ಬದಿಗೆ ಸರಿಸಿದ್ದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅಲ್ಲಿ ಕೆಂಗಲ್ ಹನುಮಂತಯ್ಯನವರನ್ನು ಸೋಲಿಸಿದರು. ಇನ್ನೊಂದು ಹಾಸನ, ಎಸ್. ನಂಜೇಶಗೌಡರದು. ಒಂದೇ ರೇಡಿಯೊ, ಒಂದೇ ಸೆನ್ಸಾರ್, ಒಂದೇ ಭಾಷಣ, ಫಲಿತಾಂಶ ಮಾತ್ರ ಅಜಗಜಾಂತರ.

ಇದಕ್ಕೆ ಸುಲಭದ ಉತ್ತರವೊಂದಿದೆ: ದಕ್ಷಿಣದಲ್ಲಿ ಅತಿರೇಕ ಕಡಿಮೆ, ಆದ್ದರಿಂದ ಸಿಟ್ಟೂ ಕಡಿಮೆ. ಅರ್ಧ ನಿಜ. ಸಂತಾನಹರಣದ ಗುರಿ ಕರ್ನಾಟಕದಲ್ಲಿಯೂ ಮೀರಿತ್ತು. ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಎಂಬ ಗೋಡೆಬರಹದ ಹಿಂದೆ ಶಾಲಾ ಮೇಷ್ಟ್ರಿಂದ ಹಿಡಿದು ಗ್ರಾಮಸೇವಕನವರೆಗೆ ‘ಕೇಸು’, ಎಂದರೆ ಶಸ್ತ್ರಚಿಕಿತ್ಸೆಗೆ ಜನರನ್ನು, ತರಬೇಕೆಂಬ ಒತ್ತಡ ಇಲ್ಲಿಯೂ ಇತ್ತು. ಆದರೂ ಹಿಂದಿ ಸೀಮೆಯ ಹಾಗೆ ಊರಿಗೆ ಊರೇ ಹೆದರಿ ಹೊಲ ಸೇರುವ ಪರಿಸ್ಥಿತಿ ಇಲ್ಲಿ ಬರಲಿಲ್ಲ.

ಮತ್ತೊಂದು ಉತ್ತರ: ಕನ್ನಡಿಗರಿಗೆ ಬೇರೆ ಸುದ್ದಿ ತಲುಪಲಿಲ್ಲ, ಅವರು ರೇಡಿಯೊ ಹೇಳಿದ್ದನ್ನು ನಂಬಿದರು. ಇದು ಮತದಾರನನ್ನು ಪೆದ್ದನೆಂದು ತಿಳಿಯುವ ಉತ್ತರ. ರೇಡಿಯೊ ಹೇಳಿದ ಇಪ್ಪತ್ತು ಅಂಶಗಳಲ್ಲಿ ಹಲವು ಕರ್ನಾಟಕದಲ್ಲಿ ರೇಡಿಯೊಗಿಂತ ಮೊದಲೇ ಅಂಗಳಕ್ಕೆ ಬಂದಿದ್ದವು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಯಾದದ್ದು 1974ರ ಮಾರ್ಚ್ 1ರಂದು, ತುರ್ತುಪರಿಸ್ಥಿತಿಗಿಂತ ಹದಿನೈದು ತಿಂಗಳು ಮೊದಲು. ಉಳುವ ಭೂಮಿ ತನ್ನದಾಗಬೇಕಾದರೆ ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಡಬೇಕು. ತಾಲ್ಲೂಕಿನ ಭೂ ನ್ಯಾಯಮಂಡಳಿ ಅದನ್ನು ವಿಚಾರಣೆ ಮಾಡಬೇಕು. ಆ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಈ ಕೊನೆಯ ನಿಯಮದ ಬೆಲೆ ತಿಳಿಯಬೇಕಾದರೆ ಉಡುಪಿ ಅಥವಾ ಕುಮಟಾದ ಕಡೆಯ ಒಂದು ಗೇಣಿ ಒಕ್ಕಲನ್ನು ಕಣ್ಣ ಮುಂದೆ ತಂದುಕೊಳ್ಳಿ: ತಲೆಮಾರಿನಿಂದ ಧಣಿಗಳ ಮನೆಯಂಗಳಕ್ಕೆ ಅಕ್ಕಿಮುಡಿ ಹೊತ್ತು ತಂದವನು ಅದೇ ಧಣಿಗಳ ಎದುರು ಕುಳಿತು, ಈ ಗದ್ದೆ ಉಳುತ್ತಿರುವುದು ನಾನು ಎಂದು ಹೇಳುತ್ತಿದ್ದಾನೆ, ನಡುವೆ ಕಪ್ಪು ಕೋಟಿನವರು ಯಾರೂ ಇಲ್ಲ. ಇಂಥ ಅರ್ಜಿಗಳು ಸುಮಾರು 8 ಲಕ್ಷ ಬಂದವು. ಸಾಲ ಪರಿಹಾರ, ಜೀತಮುಕ್ತಿಯ ಕ್ರಮಗಳು ಅದರ ಬೆನ್ನಿಗೇ ಬಂದವು. ಹಿಂದುಳಿದ ವರ್ಗಗಳ ಬಗ್ಗೆ ಎಲ್.ಜಿ. ಹಾವನೂರ ಆಯೋಗ ವರದಿ ಕೊಟ್ಟದ್ದು 1975ರ ನವೆಂಬರಿನಲ್ಲಿ. ಹಾಗಾಗಿ ‘ಬಡವರ ಪರ ಸರ್ಕಾರ’ ಎಂದು ಆಕಾಶವಾಣಿ ಹೇಳಿದಾಗ ಇಲ್ಲಿಯ ಒಕ್ಕಲಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ತನಗೆ ಗೊತ್ತಿದ್ದದ್ದನ್ನೇ ರೇಡಿಯೊ ತಡವಾಗಿ ಹೇಳುತ್ತಿತ್ತು.

ಉತ್ತರ ಪ್ರದೇಶದ ಹಳ್ಳಿಯಲ್ಲಿಯೂ ಅದೇ ವಾಕ್ಯ ಕೇಳಿಸಿತು. ಅಲ್ಲಿ ಬಾಗಿಲಿಗೆ ಬಂದದ್ದು ಪೊಲೀಸು ಮತ್ತು ಶಸ್ತ್ರಚಿಕಿತ್ಸೆಯ ವ್ಯಾನು. ವಾಕ್ಯ ಸುಳ್ಳೆಂದು ತಿಳಿಯಲು ಬಿಬಿಸಿಯೂ ಬೇಕಿರಲಿಲ್ಲ. ನನ್ನ ವಾದ ಇಷ್ಟೇ: ಅಷ್ಟು ದೊಡ್ಡ ಯಂತ್ರಕ್ಕೆ ಒಂದು ಊರಿನ ನೋವು ಇನ್ನೊಂದು ಊರಿಗೆ ತಿಳಿಯದಂತೆ ಮಾಡಲು ಸಾಧ್ಯವಾಯಿತು, ಆ ನೋವು ಪಟ್ಟವನಿಗೆ ನೋವಿಲ್ಲ ಎಂದು ನಂಬಿಸಲು ಆಗಲಿಲ್ಲ. ಮೊದಲನೆಯದು ಸಣ್ಣ ಯಶಸ್ಸಲ್ಲ. ಕನ್ನಡಿಗ ಮತದಾರ ತನ್ನ ಅನುಭವಕ್ಕೆ ನಿಷ್ಠನಾಗಿ ಮತ ಹಾಕಿದ, ಸರಿ. ಆದರೆ ತುರ್ಕ್‌ಮನ್ ಗೇಟಿನ ಸುದ್ದಿ, ತನ್ನದೇ ರಾಜಧಾನಿಯ ಜೈಲಿನಲ್ಲಿ ಉಸಿರಿಗೆ ಒದ್ದಾಡುತ್ತಿದ್ದ ಸ್ನೇಹಲತಾ ರೆಡ್ಡಿಯ ಸುದ್ದಿ ಅವನಿಗೆ ಆಗಲೇ ಗೊತ್ತಾಗಿದ್ದರೆ ಅವನು ಏನು ಮಾಡುತ್ತಿದ್ದ ಎಂಬುದು ಯಾರಿಗೂ ತಿಳಿಯದಂತೆ ಸೆನ್ಸಾರ್ ನೋಡಿಕೊಂಡಿತು.

ಈ ವಾದವನ್ನು ಪರೀಕ್ಷಿಸಲು ಇತಿಹಾಸ ಮುಂದಿನ ವರ್ಷವೇ ಅನುಕೂಲ ಮಾಡಿಕೊಟ್ಟಿತು. 1977ರ ಡಿಸೆಂಬರ್ ಕೊನೆಯಲ್ಲಿ ಅರಸು ಸರ್ಕಾರ ಹೋಗಿ ಕರ್ನಾಟಕದಲ್ಲಿ ರಾಷ್ಟ್ರಪತಿ ಆಡಳಿತ ಬಂತು. ದೆಹಲಿಯಲ್ಲಿ ಜನತಾ ಸರ್ಕಾರ. ವಾರ್ತಾ ಮತ್ತು ಪ್ರಸಾರ ಸಚಿವರು ಆಡ್ವಾಣಿ. ಅಂದರೆ ಇಂದಿರಾ ಗಾಂಧಿಯವರ ಕೈಯಲ್ಲಿ ಈಗ ರೇಡಿಯೊ ಇಲ್ಲ, ಜಾಹೀರಾತು ಇಲ್ಲ, ಪೊಲೀಸರಿಲ್ಲ, ಬೆಂಗಳೂರಿನಲ್ಲಿ ತಮ್ಮದೊಂದು ಸರ್ಕಾರವೂ ಇಲ್ಲ. ಕಾಂಗ್ರೆಸ್ ಒಡೆದು ಕೆಲವೇ ವಾರ ಕಳೆದಿತ್ತು. ಹೀಗಿದ್ದೂ 1978ರ ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಅವರ ಪಕ್ಷ ಕರ್ನಾಟಕದಲ್ಲಿ ಸ್ಪಷ್ಟ ಬಹುಮತ ಪಡೆಯಿತು, ಅರಸು ಮತ್ತೆ ಮುಖ್ಯಮಂತ್ರಿಯಾದರು. ನವೆಂಬರಿನಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಲ್ಲಿ ಉಪಚುನಾವಣೆ. ಎದುರಾಳಿ ವೀರೇಂದ್ರ ಪಾಟೀಲ್, ಹಿಂದೆ ಮುಖ್ಯಮಂತ್ರಿಯಾಗಿದ್ದ ಸಜ್ಜನ. ಕೇಂದ್ರದ ನಾಯಕರ ದಂಡೇ ಮಲೆನಾಡಿಗೆ ಇಳಿಯಿತು. ತುರ್ತುಪರಿಸ್ಥಿತಿಯ ಅನ್ಯಾಯಗಳೆಲ್ಲ ಅಷ್ಟು ಹೊತ್ತಿಗೆ ಪತ್ರಿಕೆಗಳಲ್ಲಿ, ಷಾ ಆಯೋಗದ ವರದಿಗಳಲ್ಲಿ ಬಯಲಾಗಿದ್ದವು. ಇಂದಿರಾ ಗಾಂಧಿ 77,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಈ ಬಾರಿ ಅರಸು ಸರ್ಕಾರ ಅವರ ಬೆಂಬಲಕ್ಕಿತ್ತು ಎಂಬುದನ್ನು ಮರೆಯುವಂತಿಲ್ಲ, ಆದರೆ ಫೆಬ್ರವರಿಯಲ್ಲಿ ಅದೂ ಇರಲಿಲ್ಲ. ಹುದ್ದೆಯಿದ್ದಾಗ ಕೋಟಿಗಟ್ಟಲೆ ಸುರಿದು ಉತ್ತರ ಪ್ರದೇಶ, ಬಿಹಾರಗಳಲ್ಲಿ ಒಂದೂ ಸ್ಥಾನ ಸಿಗದವರಿಗೆ, ಹುದ್ದೆ ಕಳೆದುಕೊಂಡ ಮೇಲೆ ಇಲ್ಲಿ ಲೋಕಸಭೆಗೆ ದಾರಿಯಾಯಿತು.

ಯಂತ್ರದ ಗತಿ ಏನಾಯಿತು? ಜನತಾ ಸರ್ಕಾರ 1977ರ ಆಗಸ್ಟ್‌ನಲ್ಲಿ ಮಾಧ್ಯಮ ದುರ್ಬಳಕೆಯ ಬಗ್ಗೆ ಶ್ವೇತಪತ್ರ ತಂದಿತು. 1978ರಲ್ಲಿ ‘ಸಮಾಚಾರ್’ ಒಡೆದು ನಾಲ್ಕೂ ಸಂಸ್ಥೆಗಳು ತಮ್ಮ ತಮ್ಮ ಮನೆ ಸೇರಿದವು. ಬಗ್ಗಿ ಎಂದರೆ ತೆವಳಿದಿರಿ ಎಂದು ಪತ್ರಕರ್ತರಿಗೆ ಆಡ್ವಾಣಿ ಚುಚ್ಚಿದ ಮಾತು ಇವತ್ತಿಗೂ ಸವೆದಿಲ್ಲ. ಆಕಾಶವಾಣಿ ಮತ್ತು ದೂರದರ್ಶನಕ್ಕೆ ಪೂರ್ಣ ಸ್ವಾಯತ್ತತೆ ಕೊಡಿ ಎಂದು ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ಹೇಳಿತು. ಅದನ್ನು ಬಹಳಷ್ಟು ತೆಳುಮಾಡಿದ ಮಸೂದೆ 1979ರಲ್ಲಿ ಲೋಕಸಭೆಗೆ ಬಂತು, ಸರ್ಕಾರದ ಜೊತೆಗೇ ಬಿದ್ದುಹೋಯಿತು. ಜೈಲಿನಲ್ಲಿ ಕುಳಿತು ಸರ್ಕಾರಿ ರೇಡಿಯೊವನ್ನು ಶಪಿಸಿದವರಿಗೆ ಅದು ತಮ್ಮ ಕೈಗೆ ಬಂದಾಗ ಬಿಟ್ಟುಕೊಡಲು ಅಷ್ಟೇನೂ ಅವಸರವಿರಲಿಲ್ಲ. ಪ್ರಸಾರ ಭಾರತಿ ಕಾಯ್ದೆ ಪಾಸಾದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಎಲ್ಲ ಬಣ್ಣದ ಸರ್ಕಾರಗಳೂ ನಡುವೆ ಬಂದು ಹೋದವು.

ಟಿವಿಯಲ್ಲಿ ಈಗ ಸುದ್ದಿ ವಾಹಿನಿಗಳಿಗೆ ಬರವಿಲ್ಲ. ರೇಡಿಯೊದ ಕಥೆ ಬೇರೆ. ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಹಾಡು ಹಾಕಲು, ಹರಟೆ ಹೊಡೆಯಲು, ಟ್ರಾಫಿಕ್ ಮತ್ತು ಹವಾಮಾನ ಹೇಳಲು ಪರವಾನಗಿ ಕೊಟ್ಟರು. ಸುದ್ದಿ ಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಸ್ವಂತ ವಾರ್ತೆ ಓದುವಂತಿಲ್ಲ ಎಂದು ಷರತ್ತು ಹಾಕಿದರು. ಗಂಟೆಗೆ ಹತ್ತು ನಿಮಿಷವಾದರೂ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಶಿಫಾರಸು ಮಾಡಿದ್ದು 2023ರಲ್ಲಿ.